ಮಾವನ ಕಾರಿನ ಎರಡು ಗೀರು

ಕಾರಿನ ಬಣ್ಣದ ಮೇಲೆ ಬಿದ್ದ ಗೀರು ತೆಗೆಯುವುದು ಬಹಳ ಸುಲಭ. ಹೀಗೆಂದು ನಂಬಿದ ಮನುಷ್ಯನೊಬ್ಬ ಶನಿವಾರ ಬೆಳಿಗ್ಗೆ ತೂಬಗೆರೆಯ ಮಾವನ ಮನೆಯ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿ ನಿಂತಿದ್ದ. ಅವನೇ ನಾನು!

ಮರುದಿನ ಭಾಮೈದನಿಗೆ ಹೆಣ್ಣು ನೋಡಲು ಎಲ್ಲರೂ ದೇವನಹಳ್ಳಿಗೆ ಹೊರಡಬೇಕಿತ್ತು. ಮಾವ ಹೊಸದಾಗಿ ಕೊಂಡ ಕೆಂಪು ಕಾರಿನ ಬಾಗಿಲ ಮೇಲೆ ನೋಡಿದರೆ ಎರಡು ಗೀರು. ಮದುವೆಯಾದಾಗಿನಿಂದ ಮಾವನ ಬಾಯಿಂದ ಒಂದೇ ಒಂದು ಮೆಚ್ಚುಗೆಯ ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದವನು ನಾನು. ಸದರಿ ಗೀರುಗಳು ನನ್ನ ಪಾಲಿಗೆ ಸದವಕಾಶವಾಗಿ ಕಂಡವು.

“ರೀ, ಅಪ್ಪನ್ನ ಒಂದ್ಮಾತು ಕೇಳಿ,” ಎಂದಳು ಹೆಂಡತಿ ಸುಧಾ.

“ಕೇಳಿದ್ರೆ ಬೇಡ ಅಂತಾರೆ ಕಣೇ. ಅವ್ರು ತೋಟದಿಂದ ಬರೋಷ್ಟರಲ್ಲಿ ಮುಗಿಸ್ಬಿಡ್ತೀನಿ.”

ಫೋನಿನಲ್ಲಿ ಕಲಿತಂತೆ ಗೀರಿನ ಮೇಲೆ ಉಗುರು ಆಡಿಸಿದೆ. ಉಗುರು ಸಿಕ್ಕಿಕೊಳ್ಳಲಿಲ್ಲ. ಅಂದರೆ ಗಾಯ ಮೇಲ್ಮೇಲಿನದು! ಬಾಗಿಲು ತೊಳೆದು, ಒದ್ದೆ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಮೆತ್ತಗೆ ಉಜ್ಜಿದೆ. ಒರೆಸಿ ನೋಡಿದರೆ ಗೀರು ಮಾಯ! ನನ್ನ ಹಲ್ಲಿಗೇ ಬಾರದ ಹೊಳಪು ಕಾರಿಗೆ ಬಂದಿತ್ತು. ಅದರಲ್ಲಿ ನನ್ನ ಮುಖ ಕಂಡಿತು, ಹಿಂದೆ ಅತ್ತೆಯ ತುಳಸಿಕಟ್ಟೆ ಕಂಡಿತು, ಆಕಾಶದಲ್ಲಿ ವಿಮಾನವೊಂದು ಹಾದುಹೋದದ್ದೂ ಕಂಡಿತು.

ತೊಂದರೆ ಶುರುವಾದದ್ದು ಅಲ್ಲೇ. ಉಜ್ಜಿದ ಜಾಗದ ಮುಂದೆ ಉಳಿದ ಬಾಗಿಲು ಮಂಕಾಯಿತು. ಅದನ್ನೂ ಉಜ್ಜಿದೆ. ಪಕ್ಕದ ಬಾಗಿಲು ಮುನಿಸಿಕೊಂಡಿತು. ಅದಕ್ಕೂ ಸಮಾಧಾನ ಮಾಡಿದೆ. ಮನೆಯ ಟೂತ್‌ಪೇಸ್ಟೆಲ್ಲ ಖಾಲಿಯಾಗುವ ಹೊತ್ತಿಗೆ ಇಡೀ ಕಾರು ಮಿಂಚುತ್ತಿತ್ತು. ಅಂಗಳದ ತುಂಬ ಪುದೀನ ವಾಸನೆ!

ಎದುರುಮನೆಯ ನಂಜಮ್ಮ ಬಂದು ಕೆನ್ನೆಗೆ ಕೈಯಿಟ್ಟು ನಿಂತರು. “ಅಬ್ಬಬ್ಬಾ! ಏನ್ ಫಳಫಳಾ ಅಂತೈತವ್ವಾ! ಇಂಥ ಕಾರು ಊರಲ್ಲೇ ಇಲ್ಲ!”

ಅಷ್ಟರಲ್ಲಿ ಮಾವ ಬಂದರು. ನಾನು ಎದೆಯುಬ್ಬಿಸಿ ನಿಂತೆ. ಅವರು ಬಾಗಿಲನ್ನೇ ದಿಟ್ಟಿಸಿದರು.

“ಇಲ್ಲಿ ಎರಡು ಗೀರಿತ್ತಲ್ಲ?”

“ತೆಗೆದ್ಬಿಟ್ಟೆ ಮಾವ!”

“ಅಯ್ಯೋ, ಅದು ದೃಷ್ಟಿಬೊಟ್ಟು ಅಳಿಯಂದ್ರೇ! ಕಾರು ಪೂಜೆ ದಿನ ತೆಂಗಿನ ಚಿಪ್ಪಲ್ಲಿ ನಾನೇ ಗೀರಿದ್ದೆ!”

ಹಸುಗೂಸಿನ ಕೆನ್ನೆಯ ಕಾಡಿಗೆಯನ್ನು ಒರೆಸಿಹಾಕಿದ್ದೆ ನಾನು. ನಂಜಮ್ಮ ಇನ್ನೂ ರೆಪ್ಪೆ ಮಿಟುಕಿಸದೆ ನೋಡುತ್ತಲೇ ಇದ್ದರು.

“ಕಣ್ಣು ಬಿತ್ತು! ಮೊದ್ಲು ಒಳಕ್ಕೆ ಹಾಕಿ!” ಮಾವ ಪಿಸುಗುಟ್ಟಿದರು.

ಗಾಬರಿಯಲ್ಲಿ ಕಾರು ಹತ್ತಿ ಶೆಡ್ಡಿನತ್ತ ತಿರುಗಿಸಿದೆ. ಕರ್‌ರ್‌ರ್! ಶೆಡ್ಡಿನ ಕಬ್ಬಿಣದ ಕಂಬ ಮುಂದಿನ ಬಾಗಿಲಿನಿಂದ ಹಿಂದಿನ ದೀಪದವರೆಗೆ ಒಂದೇ ಸಮನೆ ಗೀಚಿಬಿಟ್ಟಿತು. ಈ ಗೀರಿಗೆ ಉಗುರಲ್ಲ, ಬೆರಳೇ ಸಿಕ್ಕಿಕೊಳ್ಳುತ್ತಿತ್ತು.

“ಅಯ್ಯೋ ಪಾಪ,” ಎಂದು ನಂಜಮ್ಮ ಮನೆಗೆ ನಡೆದರು. ಮಾವ ಗೀರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ನಿಧಾನವಾಗಿ ನನ್ನ ಬೆನ್ನು ತಟ್ಟಿದರು.

“ಬಿಡಿ, ಒಳ್ಳೇ ಕೆಲ್ಸಾನೇ ಮಾಡಿದ್ರಿ. ಇನ್ನು ಇದ್ರ ಮೇಲೆ ಯಾರ ಕಣ್ಣೂ ಬೀಳಲ್ಲ.”

ಅಂತೂ ಮೆಚ್ಚುಗೆ ಸಿಕ್ಕಿತು! ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕಾರಿಗೆ ದೃಷ್ಟಿ ತೆಗೆಯಲು ಬಂದರು. ನಾನೂ ಪಕ್ಕದಲ್ಲಿ ಗಂಭೀರವಾಗಿ ನಿಂತೆ.

“ನೀವ್ಯಾಕ್ರೀ ನಿಂತ್ರಿ? ಸರೀರಿ ಆ ಕಡೆ,” ಎಂದಳು ಸುಧಾ. “ನಿಮ್ಮ ಮೇಲೆ ಯಾರು ಕಣ್ಣು ಹಾಕ್ತಾರೆ!”