ಹಾಲ್ವರನ ಹಬ್ಬದ ಚಲ್ಲಣ

ಬಟ್ಟೆ ತಾನಾಗಿಯೇ ಕುಗ್ಗುತ್ತದೆ ಎಂಬುದರಲ್ಲಿ ಹಾಲ್ವರನಿಗೆ ಸಂದೇಹವೇ ಇರಲಿಲ್ಲ. ವರ್ಷವಿಡೀ ಬೀರುವಿನಲ್ಲಿ ಒಬ್ಬಂಟಿಯಾಗಿ ನೇತಾಡುವ ಬುನಾದ್, ಅಂದರೆ ಊರಿನ ಹಬ್ಬದುಡುಪು, ಬೇಸರಕ್ಕೋ ಚಳಿಗೋ ಮುದುಡಿಕೊಳ್ಳದೆ ಇನ್ನೇನು ಮಾಡೀತು? ಆದರೆ ಕಳೆದ ಮೇ ಹದಿನೇಳರ ರಾಷ್ಟ್ರೀಯ ಹಬ್ಬದಂದು, ಮಕ್ಕಳ ಮೆರವಣಿಗೆಯ ಮುಂದೆ ಶಾಲೆಯ ಧ್ವಜ ಹೊತ್ತು ಸಾಗುವಾಗ, ಅವನ ವಾಸ್ಕೋಟಿನ ಬೆಳ್ಳಿ ಗುಂಡಿಯೊಂದು ಚಿಮ್ಮಿ ಬ್ಯಾಂಡಿನವನ ತುತ್ತೂರಿಯೊಳಗೆ ಬಿತ್ತು. ಅಂದಿನಿಂದ ಆ ವಾದಕ್ಕೆ ಜನಬೆಂಬಲ ತಪ್ಪಿತು.

ಅವನಿಗಿಂತ ಮೊದಲು ಆ ಧ್ವಜ ಹೊತ್ತವನು ಅವನ ಅಪ್ಪ, ಇದೇ ಬುನಾದ್ ತೊಟ್ಟು. ಈ ಸಲ ಹಬ್ಬದ ಸಮಿತಿಯವರು ಮೆತ್ತಗೆ ತಿಳಿಸಿದ್ದರು: ಬುನಾದ್ ಮೈಗೆ ಆಗದಿದ್ದರೆ ಬೇಸರ ಬೇಡ, ಸ್ವೆರ್ರೆ ಇದ್ದಾನೆ. ಸ್ವೆರ್ರೆ ಪಕ್ಕದ ಮನೆಯವನು; ಐವತ್ತೈದಾದರೂ ಧ್ವಜದ ಕೋಲಿನಷ್ಟೇ ನೆಟ್ಟಗಿದ್ದ. ಒಮ್ಮೆ ಅವನ ಕೈಗೆ ಹೋದ ಧ್ವಜ ಈ ಜನ್ಮದಲ್ಲಿ ಹಿಂದಿರುಗುವುದಿಲ್ಲ ಎಂಬ ಚಿಂತೆ ಹಾಲ್ವರನ ನಿದ್ದೆ ಕೆಡಿಸಿತು.

ಹೀಗಾಗಿ ಫೆಬ್ರವರಿಯಲ್ಲಿ ಮಹಾವ್ರತದ ಸಂಕಲ್ಪವಾಯಿತು. ಬೆಳಿಗ್ಗೆ ಒಣ ರೊಟ್ಟಿಯ ಚೂರು, ನಾಲ್ಕು ಹೋಳು ಸೌತೆಕಾಯಿ; ಮಧ್ಯಾಹ್ನ ಬೇಯಿಸಿದ ಮೀನು; ರಾತ್ರಿ, ಮಧ್ಯಾಹ್ನ ತಿಂದದ್ದರ ನೆನಪು. ಕಷ್ಟವೆಂದರೆ ಅವನ ಕೆಲಸ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಚಾಚಿದ ಕಡಲ ತೋಳು, ದಾಟಿಸುವ ಫೆರಿಯ ಮೇಲೆ. ದಿನಕ್ಕೆ ಹದಿನೆಂಟು ಸಲ ದಾಟಬೇಕು. ಹದಿನೆಂಟು ಸಲವೂ ಕ್ಯಾಂಟೀನಿನಲ್ಲಿ ಸ್ವೇಲೆ ಎಂಬ ದಪ್ಪ ಸಿಹಿರೊಟ್ಟಿ ಬೆಣ್ಣೆಯಲ್ಲಿ ಬೇಯುತ್ತದೆ. (ಮೂಗಿನಿಂದ ಒಳಗೆ ಹೋದದ್ದಕ್ಕೂ ತೂಕ ಏರುತ್ತದೆಯೇ ಎಂದು ಡಾಕ್ಟರನ್ನು ಕೇಳಿಬಂದಿದ್ದ.) ಅದನ್ನು ಮರೆಯಲು ಅವನು ಪ್ರಯಾಣಿಕರಿಗೆ ಮಿತಾಹಾರದ ಉಪನ್ಯಾಸ ಕೊಡತೊಡಗಿದ. ಸ್ವೇಲೆ ಬಾಯಿಗಿಡುತ್ತಿದ್ದವರು ಮುಖ ತಿರುಗಿಸಿ ಸಮುದ್ರ ನೋಡುತ್ತಿದ್ದರು.

ಪ್ರತಿದಿನ ಬೆಳಿಗ್ಗೆ ಕನ್ನಡಕ, ಕೈಗಡಿಯಾರ ತೆಗೆದಿಟ್ಟು ತೂಕದ ಯಂತ್ರ ಏರುತ್ತಿದ್ದ. ಮದುವೆಯ ಉಂಗುರವನ್ನೂ ತೆಗೆಯಹೊರಟಾಗ ಹೆಂಡತಿ ರಾಂಡಿ ತಡೆದಳು. ಬುನಾದನ್ನು ಮಾತ್ರ ಹಬ್ಬದ ದಿನದವರೆಗೆ ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದ. ತೊಟ್ಟು ನೋಡಿ ಮೈಗೆ ಆಗದಿದ್ದರೆ ಎದೆ ಒಡೆದೀತು ಎಂಬ ಭಯ.

ಮಾರ್ಚಿನ ಒಂದು ಭಾನುವಾರ ರಾಂಡಿ ಅಡುಗೆಮನೆಗೆ ಬಂದಾಗ ಗಂಡ ತೊಳೆದಿಟ್ಟ ವಾಫಲ್ ಹಂಚಿಗೆ ಮೂಗು ಒತ್ತಿ ಕಣ್ಣು ಮುಚ್ಚಿ ನಿಂತಿದ್ದ. ಅವಳು ಮೆಲ್ಲಗೆ ಹಿಂದೆ ಸರಿದಳು. ಮರುದಿನ ದೊಡ್ಡ ಚೀಲವೊಂದನ್ನು ಹಿಡಿದು ಎಲ್ಲಿಗೋ ಹೋಗಿಬಂದಳು.

ಮೇ ಹದಿನೇಳು ಬಂತು. ತೂಕದ ಯಂತ್ರ ಹನ್ನೊಂದು ಕಿಲೋ ಇಳಿದಿದೆ ಎಂದಿತು. ಹಾಲ್ವರ್ ಬುನಾದ್ ತೊಟ್ಟ. ಉಸಿರು ಬಿಗಿಹಿಡಿಯದೆಯೇ ಗುಂಡಿಗಳೆಲ್ಲ ಸೇರಿದವು. ಕಣ್ಣು ತುಂಬಿ ಬಂತು. ಹೆಂಡತಿಗೆ ತೋರಿಸಲು ಎರಡು ಹೆಜ್ಜೆ ಇಟ್ಟನಷ್ಟೆ, ಚಲ್ಲಣ ಸೊಂಟ ಬಿಟ್ಟು ಕೆಳಗಿಳಿಯಿತು.

"ರಾಂಡಿ, ಇದು ನನ್ನದೇನಾ?"

ರಾಂಡಿ ಬಾಗಿಲಲ್ಲೇ ಕೆನ್ನೆಗೆ ಕೈಯಿಟ್ಟಳು. "ನಿಂದೇ. ಗುಡ್ರುನಜ್ಜಿ ಹತ್ರ ಕೊಟ್ಟು ನಾಲ್ಕು ಬೆರಳು ಹೊಲಿಗೆ ಬಿಡಿಸಿದ್ದೆ."

"ನನ್ನ ಮೇಲೆ ನಂಬಿಕೆ ಇರ್ಲಿಲ್ವಾ ನಿಂಗೆ?"

"ಇತ್ತು ಕಣೋ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ ಎಷ್ಟಿರಬೇಕೋ ಅಷ್ಟಿತ್ತು."

ಬೆಲ್ಟ್ ಬಿಗಿಯುವಂತಿಲ್ಲ. ಬುನಾದಿನ ಮೇಲೆ ಬೆಲ್ಟ್ ಕಂಡರೆ, ಊರಿನ ಬುನಾದುಗಳನ್ನೆಲ್ಲ ಹೊಲಿಯುವ ಗುಡ್ರುನಜ್ಜಿ ಮೆರವಣಿಗೆಯನ್ನೇ ನಿಲ್ಲಿಸಿಯಾಳು. ಕೊನೆಗೆ ಎರಡು ಪಿನ್ನುಗಳ ಭರವಸೆಯ ಮೇಲೆ ಹಾಲ್ವರ್ ಹೊರಟ. ಚರ್ಚಿನ ಏರಿನಲ್ಲಿ ಒಂದು ಪಿನ್ನು ಹೋಯಿತು. ಮಕ್ಕಳು ಹುರ್ರಾ ಕೂಗುವಾಗ ಇನ್ನೊಂದೂ ಹೋಯಿತು. ಎರಡೂ ಕೈ ಧ್ವಜಕ್ಕೆ ಮೀಸಲು. ಅವನು ಮೊಣಕೈಗಳಿಂದ ಸೊಂಟ ಅದುಮಿಕೊಂಡು, ತೊಡೆ ಅಗಲಿಸಿ ಹೆಜ್ಜೆ ಹಾಕಿದ.

ಹಿಂದಿನಿಂದ ಸ್ವೆರ್ರೆ ಹತ್ತಿರ ಬಂದ. "ಯಾಕೋ ಹಾಲ್ವರ್, ಬಾತುಕೋಳಿ ಥರ ನಡೀತಿದೀಯ? ಸ್ವಲ್ಪ ಹೊತ್ತು ನಾನು ಹಿಡ್ಕೊಳ್ಳಾ?"

ಬೇಡವೆಂದು ಹಾಲ್ವರ್ ತಲೆಯಾಡಿಸಿದ. ಅದರಿಂದಲೂ ಚಲ್ಲಣ ಒಂದಂಗುಲ ಇಳಿಯಿತು.

ವೃದ್ಧಾಶ್ರಮದ ಮುಂದೆ ಹಾಡಿಗೆಂದು ಮೆರವಣಿಗೆ ನಿಂತಿತು. ಸಾಸೇಜಿನ ಅಂಗಡಿ ಅಲ್ಲೇ ಇತ್ತು. ರಾಂಡಿ ಎರಡೂ ಕೈಯಲ್ಲಿ ಸಾಸೇಜು ಹಿಡಿದು ಓಡಿಬಂದಳು.

"ಬಾಯಿ ತೆಗಿ."

"ಮೂರು ತಿಂಗಳ ವ್ರತ ಕಣೇ..."

"ವ್ರತ ಬೇಕೋ, ಚಲ್ಲಣ ಬೇಕೋ?"

ಹಾಲ್ವರ್ ಬಾಯಿ ತೆರೆದ. ಎರಡನೆಯ ಸಾಸೇಜಿಗೆ ಚಲ್ಲಣ ಯೋಚಿಸಿತು, ನಾಲ್ಕನೆಯದಕ್ಕೆ ನಿಂತಿತು, ಐದನೆಯದರ ಮೇಲೆ ಐಸ್‌ಕ್ರೀಂ ಬಿದ್ದಾಗ ಸೊಂಟಕ್ಕೆ ಒಪ್ಪವಾಗಿ ಕೂತಿತು. ರಸ್ತೆಯ ಎರಡೂ ಬದಿ ಫೆರಿಯ ಪ್ರಯಾಣಿಕರು ಸಾಲಾಗಿ ನಿಂತು, ತಮ್ಮ ಉಪನ್ಯಾಸಕರು ಊಟ ಮಾಡುವುದನ್ನು ಮೌನವಾಗಿ ಎಣಿಸುತ್ತಿದ್ದರು. ಅವನ ಕಣ್ಣಲ್ಲಿ ನೀರಿತ್ತು. ಅವಮಾನಕ್ಕೋ ಸಾಸೇಜಿನ ರುಚಿಗೋ ಅವನಿಗೇ ತಿಳಿಯಲಿಲ್ಲ.

ಧ್ವಜ ಬೀಳದೆ, ಚಲ್ಲಣ ಜಾರದೆ ಮೆರವಣಿಗೆ ಶಾಲೆ ತಲುಪಿತು. ಈಗಲಾದರೂ ಹನ್ನೊಂದು ಕಿಲೋದ ಸುದ್ದಿಯನ್ನು ಸಮಿತಿಗೆ ಹೇಳೋಣವೆಂದು ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಗುಡ್ರುನಜ್ಜಿ ಬಂದು ಅವನ ವಾಸ್ಕೋಟು ಎತ್ತಿ ಸೊಂಟ ತಟ್ಟಿ ನೋಡಿದಳು. ಅಜ್ಜಿಗೆ ಕಿವಿ ಮಂದ. ಅದಕ್ಕೇ ಮಾತು ಜೋರು.

"ಅಳತೆ ಸರಿಯಾಗಿ ಕೂತಿದೆ ಮಗಾ. ನಾಲ್ಕು ಬೆರಳು ಅಗಲ ಮಾಡಿದ್ದು ಒಳ್ಳೇದಾಯ್ತು."

ಸಮಿತಿ ಕೇಳಿಸಿಕೊಂಡಿತು. ಸ್ವೆರ್ರೆ ಎರಡು ಸಲ ಕೇಳಿಸಿಕೊಂಡ.

ಮತ್ತೆ ಚಿಕ್ಕದು ಮಾಡಿಸಬಹುದೇ ಎಂದು ಹಾಲ್ವರ್ ಅಜ್ಜಿಯ ಕಿವಿಯಲ್ಲಿ ಕೇಳಿದ. ಮಾಡಬಹುದು, ಆದರೆ ತನ್ನ ಹತ್ತಿರ ಎರಡು ವರ್ಷದ ಕೆಲಸ ಸಾಲಿನಲ್ಲಿದೆ, ಅಲ್ಲಿಯವರೆಗೆ ಈಗ ಇರುವ ಹಾಗೆಯೇ ಇರು ಎಂದಳು.

ಮುಂದಿನ ವರ್ಷವೂ ಧ್ವಜ ಹೊರಬೇಕಲ್ಲ. ಹಾಲ್ವರ್ ಒಂದು ನಿಟ್ಟುಸಿರು ಬಿಟ್ಟು, ಕರ್ತವ್ಯಪ್ರಜ್ಞೆಯಿಂದ ಕೇಕಿನ ಮೇಜಿನತ್ತ ನಡೆದ.