ಕಟಕೋಳದ ಕೈಪಿಡಿ

ನೀವಿಲ್ಲದಿದ್ದರೆ ಕೆಲಸವೇ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದಾಗ ಮೇಲೆ ಮೇಲೆ ಬೇಸರಪಟ್ಟುಕೊಂಡು ಒಳಗೊಳಗೇ ಹಿಗ್ಗುವುದು ಮನುಷ್ಯನ ಹಳೆಯ ಚಟ. ನನಗೆ ಈ ಚಟ ತುಸು ಜಾಸ್ತಿಯೇ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನಾನು, ಫ್ಲಾಪಿಗಳ ಕಾಲ ಮುಗಿಯುತ್ತ ಬಂದ ದಿನಗಳಲ್ಲಿ ಹಳ್ಳಿಯ ವಾಚನಾಲಯಗಳಿಗೆಂದು ಒಂದು ತಂತ್ರಾಂಶ ಬರೆದಿದ್ದೆ. ಯಾವ ಪುಸ್ತಕ ಯಾರ ಮನೆಯಲ್ಲಿದೆ, ಯಾವಾಗ ವಾಪಸು ಬರಬೇಕು ಎಂಬುದನ್ನು ಅದು ನೆನಪಿಡುತ್ತಿತ್ತು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಿ ಇನ್ನೊಬ್ಬರಿಗೆ ಕೊಡಬಹುದು. ಕಟಕೋಳ, ಮುನವಳ್ಳಿ, ಸಿರಸಂಗಿಯವರು ಬಳಸತೊಡಗಿದರು. ಬಿಚ್ಚಿ ನೋಡಲು ಮಾತ್ರ ಒಬ್ಬರೂ ಬರಲಿಲ್ಲ. ಬಂದದ್ದು ಫೋನು.

ಹೆಚ್ಚಿನ ಫೋನುಗಳು ಕಟಕೋಳದ ದಸ್ತಗೀರಸಾಬರವು. ಬಸ್ ಡ್ರೈವರಾಗಿ ನಿವೃತ್ತರಾದ ಮೇಲೆ ಊರ ವಾಚನಾಲಯ ನೋಡಿಕೊಳ್ಳುತ್ತಿದ್ದ ಹಿರಿಯರು. ಮಶಿನು ನಿಂತಿದೆ ಎಂದು ಅವರು ಹೇಳಿದೊಡನೆ ನಾನು ಗಂಭೀರವಾಗಿ, “ಕೈಪಿಡಿ ಓದೀರೇನ್ರಿ?” ಎಂದು ಕೇಳುತ್ತಿದ್ದೆ. ಕೈಪಿಡಿ ಇರಲಿಲ್ಲವೆಂದಲ್ಲ. ನಾಲ್ಕು ಪುಟ ಇತ್ತು. ಮೊದಲ ಮೂರು ಪುಟಗಳಲ್ಲಿ ಜ್ಞಾನವು ಎಲ್ಲರ ಸೊತ್ತು ಎಂಬ ವಿಚಾರವನ್ನು ಮಂಡಿಸಿದ್ದೆ. ನಾಲ್ಕನೆಯದರಲ್ಲಿ ‘ಮುಂದಿನದು ಸುಲಭ’ ಎಂಬ ಒಂದು ವಾಕ್ಯವೂ ನನ್ನ ಫೋನ್ ನಂಬರೂ ಇದ್ದವು. ಕೊನೆಗೆ ನಾನೇ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಹೋಗಿ, ಅವರ ಕೈಯಿಂದ ಮೌಸು ಕಸಿದುಕೊಂಡು, ಅರ್ಧ ನಿಮಿಷದಲ್ಲಿ ಸರಿಮಾಡಿ, ಚಹಾ ಕುಡಿದು ಬರುತ್ತಿದ್ದೆ. ನಾನು ಏನು ಮಾಡಿದೆನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅದು ನನಗೆ ಹಿತವಾಗಿಯೇ ಇತ್ತು.

ಎರಡನೆಯ ವರ್ಷ ಕಟಕೋಳದ ವಾಚನಾಲಯದ ಕಮಿಟಿಯವರು ಹೇಳಿ ಕಳಿಸಿದರು: ಯುಗಾದಿಯೊಳಗೆ ತಿಳಿಯುವಂಥ ಕೈಪಿಡಿ ಬರದಿದ್ದರೆ ಮತ್ತೆ ರಿಜಿಸ್ಟರನ್ನೇ ಬರೆಯುತ್ತೇವೆ. ಕಟಕೋಳದವರು ತಂತ್ರಾಂಶ ಬಿಟ್ಟರೆ ಉಳಿದ ಎರಡೂ ಊರಿನವರು ಬಿಡುವುದು ಖಂಡಿತ. ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗುವುದನ್ನು ನೆನೆದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಬರೆಯಲು ಕುಳಿತರೆ ಏನು ಬರೆಯಬೇಕೆಂದೇ ತೋಚದು. ಯಾವ ಗುಂಡಿಯನ್ನು ಎರಡು ಸಲ ಒತ್ತಬೇಕೆಂದು ನನ್ನ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸರಿ, ಸ್ವಯಂಸೇವಕರು ಬೇಕಾಗಿದ್ದಾರೆಂದು ಕಾಲೇಜಿನ ಬೋರ್ಡಿಗೆ ಚೀಟಿ ಅಂಟಿಸಿದೆ. ಇಬ್ಬರು ಬಂದು ಎದೆಗೆ ಹಚ್ಚಿಕೊಳ್ಳುವ ಬ್ಯಾಜು ಕೊಡುತ್ತೀರಾ ಎಂದು ವಿಚಾರಿಸಿ ಹೋದರು. ಇಂಟರ್ನೆಟ್ಟಿನ ಮುಕ್ತ ತಂತ್ರಾಂಶ ಬಳಗಕ್ಕೆ ಉದ್ದನೆಯ ಮನವಿ ಕಳಿಸಿದೆ. ಒಬ್ಬ ಮಹಾಶಯರು ‘ಉತ್ತಮ ಕಾರ್ಯ, ಮುಂದುವರಿಸಿರಿ’ ಎಂದು ಉತ್ತರಿಸಿದರು. ನಾನೊಬ್ಬನೇ ಮುಂದುವರಿಸಲಾರದೆ ಕೇಳಿದ್ದು ಎಂಬುದು ಅವರ ಗಮನಕ್ಕೆ ಬಂದಂತಿರಲಿಲ್ಲ.

ಈ ಜನಕ್ಕೆ ಸೇವಾಭಾವವೇ ಇಲ್ಲ ಎಂದು ಮನೆಯಲ್ಲಿ ಒಂದು ವಾರ ಭಾಷಣ ಮಾಡಿದೆ. ನನ್ನ ಹೆಂಡತಿ ಶಾಂತಾ ರಾಮದುರ್ಗದ ಕಡೆಯ ಒಕ್ಕಲುಮನೆಯವಳು. ಅಲ್ಲಿ ಸುಗ್ಗಿಗೆ ಮುಯ್ಯಾಳಿನ ಪದ್ಧತಿ: ಇಂದು ನಿಮ್ಮ ಹೊಲಕ್ಕೆ ನಾವು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು. ರೊಟ್ಟಿ ಬಡಿಯುತ್ತಲೇ ನನ್ನ ಭಾಷಣ ಕೇಳಿದ ಅವಳು ಕೊನೆಗೆ, “ಅಲ್ರೀ, ನೀವು ಯಾರ ಹೊಲಕ್ಕ ಹೋಗೀರಿ ಅಂತ ನಿಮ್ಮ ಹೊಲಕ್ಕ ಆಳ ಬರಬೇಕು? ನಮ್ಮಪ್ಪ ಕರಿಯಾಕ ಹೋಗೂದಕ್ಕಿಂತ ಮೊದಲ ದುಡಿಯಾಕ ಹೋಗತಿದ್ದ” ಎಂದಳು.

ಮುಂದಿನ ರವಿವಾರ ಕಟಕೋಳಕ್ಕೆ ಹೋಗಿ, ಮಶಿನಿನ ಮಾತೇ ಎತ್ತದೆ, ನಿಮ್ಮ ಕೆಲಸವೇನಿದೆ ಹೇಳಿ ಎಂದೆ. ದಸ್ತಗೀರಸಾಬರು ಸಂಶಯದಿಂದ ನೋಡಿದರು. ನಂಬರಿನ ಚೀಟಿ ಅಂಟಿಸಬೇಕಾದ ಪುಸ್ತಕಗಳು ಮೂರು ಕಪಾಟು ತುಂಬ ಇದ್ದವು. ಮೈದಾ ಕುದಿಸಿ ಮಾಡಿದ ಅಂಟಿನ ಬೋಗುಣಿ ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತೆ. ಅವರು ಕಂಪ್ಯೂಟರಿನ ಮುಂದೆ ಕುಳಿತರು. ಮಶಿನು ವಾಡಿಕೆಯಂತೆ ನಿಂತಿತು. ನನ್ನ ಎರಡೂ ಕೈ ಮೊಣಕೈವರೆಗೆ ಅಂಟು, ಮೌಸು ಕಸಿಯುವಂತಿಲ್ಲ. ಮೊದಲ ಸಲ ಬಾಯಿಂದ ಹೇಳಬೇಕಾಯಿತು. ‘ಅಲ್ಲಿ ಒತ್ತಿ’ ಎಂದರೆ ಅವರು ಎಲ್ಲಿ ಎಂದು ಕೇಳುವರು. ನಾನು ಹೇಳಿದ್ದು ತಪ್ಪಾದಾಗ ತಾವೇ ಹುಡುಕುವರು. ಸಿಕ್ಕಿದ್ದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಳ್ಳುವರು. ಮೂರು ರವಿವಾರ ಹೀಗೇ ನಡೆಯಿತು. “ನೀವು ನಮ್ಮ ಕೆಲಸಕ್ಕ ಬಂದ್ರಿ, ನಾ ನಿಮ್ಮ ಕೆಲಸಕ್ಕ ಬರಬ್ಯಾಡೇನ್ರಿ?” ಎಂದು ಅವರು ಆ ಹಾಳೆಗಳನ್ನೆಲ್ಲ ಹೊಲಿದು ಪುಸ್ತಕ ಮಾಡಿಕೊಟ್ಟರು.

ಮೊದಲ ಸಾಲು, ‘ಕರೆಂಟ್ ಐತೋ ಇಲ್ಲೋ ನೋಡ್ರಿ.’ ಒಂಬತ್ತನೆಯ ಪುಟದಲ್ಲಿ, ‘ಇಲ್ಲಿ ಮಶಿನ್ ಸುಮ್ಮನ ನಿಲ್ಲತೈತಿ. ಗಾಬರಿ ಆಗಬ್ಯಾಡ್ರಿ, ಮಾಸ್ತರಿಗೂ ಫೋನ್ ಮಾಡಬ್ಯಾಡ್ರಿ. ಚಾ ಕುಡದ ಬರ್ರಿ, ತಾನ ಚಾಲೂ ಆಗತೈತಿ.’ ಪುಸ್ತಕ ಮುನವಳ್ಳಿಗೆ ಹೋಯಿತು. ಅಲ್ಲಿಯವರು ಎರಡು ಹಾಳೆ ಸೇರಿಸಿದರು. ಸಿರಸಂಗಿಯವರು ಮೂರು ತಪ್ಪು ತಿದ್ದಿದರು. ಯಾರಿಗೂ ಬ್ಯಾಜು ಕೊಡಲಿಲ್ಲ. ಯುಗಾದಿ ಬಂತು, ರಿಜಿಸ್ಟರು ಕಪಾಟಿನಲ್ಲೇ ಉಳಿಯಿತು.

ಫೋನು ಬರುವುದೂ ನಿಂತಿತು. ಮೊದಲ ವಾರ ನಿಶ್ಚಿಂತೆಯಿಂದ ಊಟ ಮಾಡಿದೆ. ಎರಡನೆಯ ವಾರ ಫೋನು ಕೆಟ್ಟಿದೆಯೇ ಎಂದು ಎರಡು ಸಲ ಎತ್ತಿ ನೋಡಿದೆ. ಶಾಂತಾ ನೋಡಿಯೂ ನೋಡದಂತಿದ್ದಳು. ಅಷ್ಟರಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯಕ್ಕೂ ಅದೇ ತಂತ್ರಾಂಶ ಹಾಕಲು ಹೋದೆ. ಪ್ರಿನ್ಸಿಪಾಲರ ಎದುರಿಗೇ ಅದು ನಿಂತುಬಿಟ್ಟಿತು. ನನಗೆ ಗೊತ್ತಿದ್ದ ಗುಂಡಿಗಳನ್ನೆಲ್ಲ ಒತ್ತಿ ಸೋತು, ಹೊರಗೆ ಬಂದು, ದಸ್ತಗೀರಸಾಬರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು:

“ಸರ, ಕೈಪಿಡಿ ಓದೀರೇನ್ರಿ?”

ಓದಿರಲಿಲ್ಲ. ಪುಸ್ತಕ ಕೈಗೆ ಬಂದ ದಿನ ನನ್ನ ಹೆಸರು ಎಲ್ಲೆಲ್ಲಿ ಇದೆ ಎಂದು ಹುಡುಕಿ, ಆ ಪುಟಗಳನ್ನಷ್ಟೇ ಓದಿದ್ದೆ. ಒಂಬತ್ತನೆಯ ಪುಟದಲ್ಲಿ ಹೆಸರಿರಲಿಲ್ಲ, ಬರೀ ‘ಮಾಸ್ತರು’ ಎಂದಿತ್ತು.