ಮೇಡಂ ಕನ್ವಿನ್ಸ್ ಆದರು

ಮೇಡಂ ಹೇಳಿದ್ದು ತಿಳಿಹಳದಿ. ಗೋಡೆಯ ಮೇಲೆ ಕೂತಿದ್ದು ಹಳದಿಯೂ ಅಲ್ಲದ, ಹಸಿರೂ ಅಲ್ಲದ, ಹೆಸರೇ ಇಲ್ಲದ ಒಂದು ಬಣ್ಣ. ತಪ್ಪು ಪೇಂಟರನದೇ. ಕೊನೆಯ ಗೋಡೆಗೆ ಬಣ್ಣ ಸಾಲದೆ, ಹಳೆ ಡಬ್ಬಗಳ ತಳದಲ್ಲಿ ಉಳಿದಿದ್ದನ್ನೆಲ್ಲ ಸುರಿದು ಕಲಸಿಬಿಟ್ಟಿದ್ದ. ಒದ್ದೆ ಇದ್ದಾಗ ಹಳದಿಯಂತೆಯೇ ಕಂಡಿತ್ತು. ಒಣಗಿದ ಮೇಲೆ ನಿಜಬಣ್ಣ ಬಯಲಾಯಿತು.

ಇವತ್ತು ಕೆಲಸ ಮುಗಿಸಿ, ನಾಳೆ ಬೆಳಗ್ಗೆ ತವರಿನಿಂದ ಹೆಂಡತಿ ಮತ್ತು ಕೂಸನ್ನು ಕರೆತರಬೇಕಿತ್ತು. ಮಗಳ ಮುಖವನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ.

"ಮತ್ತೆ ಬಳಿಯೋಕೆ ನಿಂತ್ರೆ ನಾಳೆ ಹೋದಂಗೇ!" ಎಂದು ತಲೆಮೇಲೆ ಕೈಹೊತ್ತು ಕೂತ.

ಬಚ್ಚಲಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದ ಪ್ಲಂಬರ್ ಕತ್ತು ಹೊರಹಾಕಿದ. ಕೇಳದೆ ಬುದ್ಧಿ ಹೇಳುವುದರಲ್ಲಿ ಅವನದು ಎತ್ತಿದ ಕೈ.

"ಮೇಡಂನ ಕನ್ವಿನ್ಸ್ ಮಾಡು!"

"ಕಾಲು ಹಿಡ್ಕೊಳ್ಳಲಾ?"

"ಥೂ! ಅದು ಬೇಡ್ಕೊಳ್ಳೋದು. ದಬಾಯಿಸಿದ್ರೆ ಜಗಳ. ಕನ್ವಿನ್ಸ್ ಅಂದ್ರೆ, 'ನಂಗೂ ಇದೇ ಬೇಕಿತ್ತು' ಅಂತ ಅವರ ಬಾಯಲ್ಲೇ ಬರಬೇಕು ಕಣೋ."

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಶಾಲೆ ಬಿಟ್ಟರೂ ಗದರುವುದು ಬಿಟ್ಟಿರಲಿಲ್ಲ. "ಏನಯ್ಯಾ ಇದು? ಗೋಡೆಗೆ ಹೊಟ್ಟೆ ತೊಳಸ್ತಿದ್ಯಾ?"

ಪೇಂಟರ್ ದಡಬಡಿಸಿ ಎದ್ದು ನಿಂತ. "ತಿಳಿಹಳದಿ ಎಲ್ಲರ ಮನೇಲೂ ಇರುತ್ತೆ ಮೇಡಂ..."

"ನಮ್ಮ ಮನೇಲೂ ಇದೆ!" ಎಂದು ಬಚ್ಚಲಿನಿಂದ ಕೂಗು ಬಂತು.

ಪ್ಲಂಬರನ ಮನೆಯದೇ ಬಣ್ಣವೇ ಎಂದು ಮೇಡಂ ಮುಖ ಸಿಂಡರಿಸಿದರು. ಪೇಂಟರನಿಗೆ ಧೈರ್ಯ ಬಂತು. "ಇದು ನೋಡಿ, ಕಣ್ಣಿಗೆ ತಂಪು. ಬೆಳಗ್ಗೆ ಒಂಥರಾ, ಸಂಜೆ ಒಂಥರಾ. ನಿಮ್ಮಂಥ ಓದಿದೋರಿಗೇ ಇದರ ಬೆಲೆ ಗೊತ್ತಾಗೋದು. ಊರೆಲ್ಲ ಹುಡುಕಿದ್ರೂ ಇನ್ನೊಂದು ಮನೇಲಿ ಸಿಗಲ್ಲ!" ಕೊನೆಯ ಮಾತಂತೂ ಅಪ್ಪಟ ಸತ್ಯ.

ಮೇಡಂ ಹಿಂದೆ ಸರಿದು ನೋಡಿದರು, ಕನ್ನಡಕ ತೆಗೆದು ನೋಡಿದರು. "ಹೌದಲ್ಲ! ನನ್ನ ಮನಸ್ಸಲ್ಲಿ ಇದ್ದಿದ್ದೂ ಇದೇ ಕಣಯ್ಯ!"

ಪೇಂಟರನಿಗೆ ಆಕಾಶ ಮೂರೇ ಗೇಣು. ಗೆದ್ದುಬಿಟ್ಟಿದ್ದ! ಹಾಡು ಗುನುಗುತ್ತ ಬ್ರಶ್ ತೊಳೆದ. ಹೆಂಡತಿಗೆ ಫೋನ್ ಮಾಡಿ, "ನಾಳೆ ಬೆಳಗ್ಗೇನೇ ಬರ್ತೀನಿ, ರೆಡಿಯಾಗಿರು," ಎಂದು ಎದೆಯುಬ್ಬಿಸಿ ಹೇಳಿದ.

ಚಪ್ಪಲಿ ಮೆಟ್ಟುವಷ್ಟರಲ್ಲಿ ಮೇಡಂ ಕರೆದರು. "ಎಲ್ಲಿಗಯ್ಯಾ ಹೊರಟೆ? ಇದರ ಮುಂದೆ ಬೇರೆ ಗೋಡೆಗಳೆಲ್ಲ ಸಪ್ಪೆ. ನಾಳೆಯಿಂದ ಇಡೀ ಮನೆಗೆ ಇದೇ ಬಣ್ಣ ಹೊಡಿ."

"ಅಯ್ಯೋ ಮೇಡಂ, ಆ ತಿಳಿಹಳದಿನೇ ಚೆಂದ..."

"ನಾನು ಕನ್ವಿನ್ಸ್ ಆಗೋದೇ ಕಷ್ಟ. ಆದ್ಮೇಲೆ ಬ್ರಹ್ಮ ಬಂದ್ರೂ ಬದಲಾಗಲ್ಲ. ಒಂಚೂರೂ ಹೆಚ್ಚುಕಮ್ಮಿ ಆಗಬಾರದು, ಇದೇ ಬಣ್ಣ ಬರಬೇಕು!"

ಪೇಂಟರ್ ಖಾಲಿ ಡಬ್ಬಗಳ ಮುಂದೆ ಕುಸಿದು ಕೂತ. ಯಾವುದರಿಂದ ಎಷ್ಟು ಸುರಿದಿದ್ದನೋ, ಅವನಪ್ಪನಾಣೆಗೂ ನೆನಪಿರಲಿಲ್ಲ.

ಪ್ಲಂಬರ್ ಮತ್ತೆ ಕತ್ತು ಹೊರಹಾಕಿದ. "ಹೋಗ್ಲಿ ಬಿಡು. ಈಗ ಹೆಂಡ್ತೀನ ಕನ್ವಿನ್ಸ್ ಮಾಡು."